ಹಳ್ಳದ ದಂಡೆಯ ಹ್ಯಾನಾ ಅಜ್ಜಿ

ನನ್ನ ಮೊಮ್ಮಗಳು ನೀಲಾಗೆ ಇನ್ನೊಬ್ಬ ಅಜ್ಜಿ ಸಿಕ್ಕಳು! ಆಕೆಯ ಹೆಸರು ಹ್ಯಾನಾ. ತೀರಿಕೊಂಡು ಇನ್ನೂರು ವರ್ಷವಾಯಿತಂತೆ, ಅದಕ್ಕೇನು, ಅಜ್ಜಿ ಅಜ್ಜಿಯೇ. ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದವಳು ಮೊದಲು ಬಿದ್ದದ್ದು ನನ್ನ ಕಣ್ಣಿಗೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಕಣ್ಣಿಗೆ! ಊರಿನವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಕಟ್ಟಿತು. ಅದಕ್ಕೇ ಬರೆಯಲು ಕುಳಿತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮಗಳು ಸುವರ್ಣಾ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ಇರುತ್ತಾಳೆ, ಆಸ್ಪತ್ರೆಯಲ್ಲಿ ಕೆಲಸ. ಅಳಿಯ ಡ್ಯಾನ್ ಅಲ್ಲಿಯವನೇ. ಅವನಿಗೆ ಹತ್ತು ಹನ್ನೆರಡು ಕನ್ನಡ ಮಾತು ಬರುತ್ತವೆ. ಅದರಲ್ಲಿ ಮೊದಲನೆಯದು ‘ಅವ್ವಾ’, ಹಾಗಾಗಿ ನನಗೆ ಅವನ ಮೇಲೆ ಯಾವ ದೂರೂ ಇಲ್ಲ. ನಾನು ಹೋದದ್ದು 2023ರ ಮೇ ತಿಂಗಳಲ್ಲಿ. ಆ ತಿಂಗಳ ಕೊನೆಯ ರವಿವಾರ ಡ್ಯಾನನ ಮನೆತನದವರೆಲ್ಲ ಉತ್ತರ ಕೆರೊಲೈನಾದ ಬೆಟ್ಟದಲ್ಲಿ ಸೇರಿ, ಹಿರಿಯರ ಗೋರಿಗಳ ಕಸ ತೆಗೆದು, ಹೂ ಇಟ್ಟು, ಅಲ್ಲಿಯೇ ಊಟ ಮಾಡುತ್ತಾರಂತೆ.

‘ಸ್ಮಶಾನದಾಗ ಊಟಾ?’ ಎಂದೆ ನಾನು. ‘ಏಳು ವರ್ಷದ ಕೂಸಿನ್ನ ಕರಕೊಂಡು? ನಿನಗ ಬುದ್ಧಿ ಐತೋ ಇಲ್ಲೋ?’

‘ಅವ್ವಾ, ನಮ್ಮ ಹೊಲದಾಗ ಅಜ್ಜನ ಗದ್ದಿಗಿ ಮುಂದ ಎಡಿ ಹಿಡದು ಅಲ್ಲೇ ಕುಂತು ಉಣ್ಣಾಂಗಿಲ್ಲೇನು? ಇದೂ ಹಂಗ,’ ಎಂದಳು ಸುವರ್ಣಾ.

ಹೌದಲ್ಲ! ನಾವೂ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವವರು. ಆದರೂ ಸೋಲಬಾರದಲ್ಲ, ‘ಏನರ ಇರಲಿ, ಕೈಕಾಲು ತೊಳೀದ ನಾ ಒಂದು ತುತ್ತೂ ಮುಟ್ಟಂಗಿಲ್ಲ’ ಎಂದೆ. ಈ ಹಟವೇ ಆಮೇಲೆ ಕೆಲಸಕ್ಕೆ ಬಂತು.

ಹಿಂದಿನ ದಿನವೇ ನಲವತ್ತು ಸಜ್ಜೆ ರೊಟ್ಟಿ ಬಡಿದು, ಎಣಗಾಯಿ ಮಾಡಿ, ಶೇಂಗಾ ಹೋಳಿಗೆ ಕಟ್ಟಿದೆ. ರವಿವಾರ ಬೆಳಿಗ್ಗೆ ಆರಕ್ಕೆ ಕಾರು ಹೊರಟಿತು. ದಾರಿ ತೊಂಬತ್ತು ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು ನೂರಾ ನಲವತ್ತೈದು ಕಿಲೋಮೀಟರ್. ಮೊದಲು ಹೊಸ ಮನೆಗಳು, ಅಂಗಡಿಗಳು, ಆಮೇಲೆ ಬರೀ ಮರ. ಬೆಟ್ಟ ಹತ್ತುವಾಗ ಮಂಜು ಎಷ್ಟಿತ್ತೆಂದರೆ ಮುಂದಿನ ಕಾರಿನ ಕೆಂಪು ದೀಪವಷ್ಟೇ ಕಾಣುತ್ತಿತ್ತು. ತಿರುವುಗಳಿಗೆ ನನ್ನ ಹೊಟ್ಟೆ ತೊಳಸಿತು, ಲಿಂಬೆಹಣ್ಣು ಮೂಸುತ್ತ ಕುಳಿತೆ. ಒಂದು ಕಡೆ ರಸ್ತೆ ಬದಿಯಲ್ಲಿ ದೊಡ್ಡ ಹಂಡೆಯಲ್ಲಿ ಏನೋ ಕುದಿಯುತ್ತಿತ್ತು. ನೋಡಿದರೆ ಹಸಿ ಶೇಂಗಾ, ಉಪ್ಪು ಹಾಕಿ ಕುದಿಸಿದ್ದು! ಒಂದು ಚೀಲಕ್ಕೆ ಆರು ಡಾಲರ್. ಸುವರ್ಣಾ ಬೆಲೆ ನೋಡಿ ಮುಖ ಸಿಂಡರಿಸಿದಳು, ನಾನು ಅರ್ಧ ಚೀಲ ಖಾಲಿ ಮಾಡಿದೆ. ಹೊಟ್ಟೆ ತಾನಾಗಿಯೇ ಸರಿಹೋಯಿತು.

ಒಂಬತ್ತು ಗಂಟೆಗೆ ತಲುಪಿದೆವು. ಸಣ್ಣ ಗುಡ್ಡ, ನೆತ್ತಿಯ ಮೇಲೆ ಬೇಲಿ, ಬೇಲಿಯೊಳಗೆ ಗೋರಿಗಳು. ಮೂವತ್ತು ಮಂದಿ ಆಗಲೇ ಕುರ್ಪಿ, ಕುಂಟೆ ಹಿಡಿದು ಕೆಲಸಕ್ಕೆ ಇಳಿದಿದ್ದರು. ಗೇಟಿನ ಹತ್ತಿರ ಮಡಚುವ ಕುರ್ಚಿಯಲ್ಲಿ ಒಬ್ಬ ಮುದುಕಿ, ಡ್ಯಾನನ ಅಜ್ಜನ ತಂಗಿ ರೂತ್. ವಯಸ್ಸು ಎಂಬತ್ತಾರು. ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು. ನನ್ನನ್ನು ಆಯಿ ಎಂದು ಕರೆಯುವ ನೀಲಾ ಬಿಡಿಸಿ ಹೇಳಿದಳು: ‘ಆಯಿ, ನಿನಗೆ ಬೀನ್ಸ್ ಬೇರೆ ಪಾಟ್‌ನಲ್ಲಿ ಮಾಡಿದಾರೆ. ನೋ ಮೀಟ್ ಅಂತೆ. ಪ್ರಾಮಿಸ್ ಅಂತೆ.’ ನನ್ನ ಮುಖವನ್ನೇ ನೋಡಿರದ ಹೆಂಗಸು ಆ ವಯಸ್ಸಿನಲ್ಲಿ ನನಗಾಗಿ ಬೇರೆ ಪಾತ್ರೆ ಇಟ್ಟಿದ್ದಳು! ನನಗೆ ಬರುವ ‘ಥ್ಯಾಂಕ್ಯೂ’ವನ್ನು ಮೂರು ಸಲ ಹೇಳಿದೆ.

ರೂತ್ ಅಜ್ಜಿ ಮನೆತನದ ಮೂಲಪುರುಷನ ಕಥೆ ಹೇಳಿದರು. ಸುವರ್ಣಾ ನನಗೆ ಬಿಡಿಸಿ ಹೇಳಿದಳು. ಆತನ ಹೆಸರು ಐಸಾಕ್. ವರ್ಜೀನಿಯಾ ಕಡೆಯಿಂದ ಎರಡು ಎತ್ತು, ಒಂದು ಕೊಡಲಿ, ಒಂದು ಚೀಲ ಬೀಜದ ಮೆಕ್ಕೆಜೋಳ, ಹೆಂಡತಿ ಹ್ಯಾನಾ, ನಾಲ್ಕು ಮಕ್ಕಳು, ಇಷ್ಟರೊಂದಿಗೆ ಈ ಕಾಡಿಗೆ ಬಂದ. ಹಳ್ಳದ ದಂಡೆಯಲ್ಲಿ ಮರದ ದಿಮ್ಮಿ ಪೇರಿಸಿ ಒಂದೇ ಕೋಣೆಯ ಮನೆ ಕಟ್ಟಿದ. ಉಪ್ಪು ತರಲು ವಾರಗಟ್ಟಲೆ ನಡೆಯಬೇಕಿತ್ತಂತೆ. ಮೂರನೆಯ ಚಳಿಗಾಲದಲ್ಲಿ ಹ್ಯಾನಾ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ಹನ್ನೊಂದು ವರ್ಷದ ದೊಡ್ಡ ಮಗಳು ತಮ್ಮಂದಿರನ್ನು ಸಾಕಿದಳು. ಆಮೇಲೆ ಹಳ್ಳ ಉಕ್ಕಿ ಮನೆ ಹೋಯಿತು, ಐಸಾಕ್ ಗುಡ್ಡದ ಮೇಲೆ ಹೊಸ ಮನೆ ಕಟ್ಟಿ ಮತ್ತೆ ಮದುವೆಯಾದ. ಎಂಬತ್ತು ದಾಟಿ ಬದುಕಿದ. ‘ಅವರಿಗಿಂತ ಮೊದಲು ಇಲ್ಲಿ ಚೆರೋಕೀ ಎಂಬ ಮೂಲನಿವಾಸಿ ಜನ ಇದ್ದರು. ಅವರನ್ನು ಓಡಿಸಿದರು. ಅದನ್ನೂ ಆಕೆಗೆ ಹೇಳು,’ ಎಂದರು ರೂತ್ ಅಜ್ಜಿ ಸುವರ್ಣಾಗೆ. ಅವರ ಗೋರಿಗಳಿಗೆ ಹೂ ಇಡುವವರು ಯಾರೋ ಎಂದು ನನಗೆ ಅನ್ನಿಸಿತು.

ಐಸಾಕನ ಗೋರಿ ಇದೆ, ಎರಡನೆಯ ಹೆಂಡತಿಯದೂ ಇದೆ. ಹ್ಯಾನಾಳದು ಮಾತ್ರ ಇಲ್ಲ. ರೂತ್ ಅಜ್ಜಿಯ ಅಪ್ಪ ಈ ಗುಡ್ಡವನ್ನೆಲ್ಲ ಹುಡುಕಿ ಸೋತನಂತೆ. ಆದರೂ ಪ್ರತಿ ವರ್ಷ ಒಂದು ಹೂಗುಚ್ಛ ಹೆಚ್ಚಿಗೆ ಕಟ್ಟುತ್ತಾರೆ. ಇಡಲು ಜಾಗವಿಲ್ಲದೆ ರೂತ್ ಅಜ್ಜಿ ಅದನ್ನು ದಿನವಿಡೀ ತೊಡೆಯ ಮೇಲೆ ಇಟ್ಟುಕೊಂಡು ಕುಳಿತು, ಸಂಜೆ ಗೇಟಿಗೆ ಕಟ್ಟಿ ಹೋಗುತ್ತಾರೆ. ಈ ಸಲವೂ ತೊಡೆಯ ಮೇಲಿತ್ತು. ‘ಮೊಣಕಾಲು ಮುಗಿದವು. ಮುಂದಿನ ವರ್ಷ ನಾನು ಈ ಗುಡ್ಡ ಹತ್ತುವುದಿಲ್ಲ,’ ಎಂದರು. ಸುವರ್ಣಾ ಇದನ್ನು ಹೇಳುವಾಗ ನಾನು ಆ ಹೂಗಳನ್ನೇ ನೋಡುತ್ತಿದ್ದೆ.

ಸುಮ್ಮನೆ ಕುಳಿತು ನನಗೆ ರೂಢಿಯಿಲ್ಲ. ಸೀರೆ ಎತ್ತಿ ಕಟ್ಟಿ ಕಳೆ ಕೀಳಲು ಕುಳಿತೆ. ಒಂದು ಬಳ್ಳಿ, ಮಿರುಗುವ ದಪ್ಪ ಎಲೆ, ಅಲ್ಲೊಂದು ಇಲ್ಲೊಂದು ನೀಲಿ ಹೂ, ನೆಲಕ್ಕೆ ಚಾಪೆ ಹಾಸಿದ ಹಾಗೆ ಹಬ್ಬಿತ್ತು. ಎರಡು ಹಿಡಿ ಕಿತ್ತಿದ್ದೆ, ಅಷ್ಟರಲ್ಲಿ ರೂತ್ ಅಜ್ಜಿ ಕೋಲು ಎತ್ತಿ ಕೂಗಿದರು. ನೀಲಾ ಓಡಿ ಬಂದಳು: ‘ಆಯಿ, ಸ್ಟಾಪ್! ಅದು ವೀಡ್ ಅಲ್ಲ! ಗ್ರೇವ್ ಮೇಲೆ ಅವರೇ ಹಾಕಿದ್ದು!’ ಕಾಡಿನಲ್ಲಿ ತಾನಾಗಿ ಬೆಳೆಯುವ ಬಳ್ಳಿ ಅದಲ್ಲವಂತೆ, ಗೋರಿಗೆಂದೇ ಹಿಂದಿನವರು ನೆಟ್ಟದ್ದು. ನಾಚಿಕೆಯಾಯಿತು. ಕಿತ್ತದ್ದನ್ನು ಮತ್ತೆ ಊರಿ ನೀರು ಹಾಕಿದೆ. ಇನ್ನೊಂದನ್ನೂ ಕಲಿತೆ. ಬಡವರ ಗೋರಿಗಳಿಗೆ ಹೆಸರು ಕೆತ್ತಿಲ್ಲ, ತಲೆಯ ಕಡೆ ಒಂದು ಕಾಡುಕಲ್ಲು, ಕಾಲಿನ ಕಡೆ ಒಂದು ಸಣ್ಣದು, ಅಷ್ಟೇ. ನಾವು ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತೇವೆ, ಅವರು ಮಲಗಿಸುತ್ತಾರೆ, ಅದಕ್ಕೇ ತಲೆಗೊಂದು ಕಾಲಿಗೊಂದು ಕಲ್ಲು.

ಹನ್ನೆರಡೂವರೆಗೆ ಮೇಜಿನ ಮೇಲೆ ಬಟ್ಟೆ ಹಾಸಿದರು. ‘ಅವ್ವಾ, ಬಾ, ಊಟ!’ ಎಂದ ಡ್ಯಾನ್. ‘ಮೊದಲ ಕೈಕಾಲು’ ಎಂದೆ. ಅವನು ಬಾಟಲಿ ನೀರು ಕೊಟ್ಟ. ಬಾಟಲಿ ನೀರಿನಲ್ಲಿ ಸ್ಮಶಾನದ ಕಾಲು ತೊಳೆಯುವುದೇ? ಕೆಳಗೆ ಹಳ್ಳದ ಸದ್ದು ಕೇಳುತ್ತಿತ್ತು. ಒಬ್ಬಳೇ ಇಳಿದೆ.

ಹೋದ ವರ್ಷದ ಗಾಳಿಗೆ ದೊಡ್ಡ ಮರವೊಂದು ಬುಡಸಮೇತ ಬಿದ್ದು, ದಂಡೆಯ ದಟ್ಟ ಪೊದೆಯನ್ನು ಸೀಳಿತ್ತು. ಕಾಲು ತೊಳೆದೆ, ಮುಖ ತೊಳೆದೆ. ಸೆರಗಿನಿಂದ ಒರೆಸಿಕೊಳ್ಳುತ್ತ ತಿರುಗಿದರೆ, ಬಿದ್ದ ಮರದ ಆಚೆ ಒಂದು ನೀಲಿ ಹೂ. ಮಿರುಗುವ ದಪ್ಪ ಎಲೆ. ಅದೇ ಬಳ್ಳಿ! ಗುಡ್ಡದಿಂದ ಹಳ್ಳದವರೆಗೆ ಮತ್ತೆಲ್ಲಿಯೂ ಇಲ್ಲ, ಇಲ್ಲಿ ಮಾತ್ರ. ಗಿಡ ತಾನೇ ನಡೆದು ಬರುತ್ತದೆಯೇ? ಯಾರೋ ನೆಟ್ಟಿದ್ದಾರೆ. ಎಲೆ ಸರಿಸಿದೆ. ನೆಟ್ಟಗೆ ನಿಲ್ಲಿಸಿದ ಒಂದು ಕಲ್ಲು. ಒಂದು ಆಳಿನ ಉದ್ದಕ್ಕೆ ಇನ್ನೊಂದು. ಅವುಗಳ ಮಗ್ಗುಲಲ್ಲಿ ಮತ್ತೆ ಎರಡು ಸಣ್ಣ ಕಲ್ಲು, ಆ ಎರಡರ ನಡುವೆ ನನ್ನ ಮೊಳದಷ್ಟೂ ಜಾಗವಿಲ್ಲ.

ತಾಯಿ, ಕೂಸು.

‘ಸುವರ್ಣಾ! ಡ್ಯಾನೂ! ಲಗೂ ಬರ್ರಿ!’ ಎಂದು ಒದರಿದೆ. ಹಾವು ಕಚ್ಚಿತೆಂದು ತಿಳಿದು ಹತ್ತು ಮಂದಿ ಓಡಿ ಬಂದರು. ನಾನು ಕಲ್ಲು ತೋರಿಸಿದೆ. ಡ್ಯಾನ್ ಮತ್ತು ಅವನ ಅಣ್ಣ ಮೇಲಕ್ಕೆ ಹೋಗಿ ರೂತ್ ಅಜ್ಜಿಯನ್ನು ಕುರ್ಚಿಸಮೇತ ಎತ್ತಿಕೊಂಡು ಇಳಿದರು. ‘ಬೀಳಿಸಿದರೆ ನನ್ನನ್ನೂ ಇಲ್ಲೇ ಹೂಳಬೇಕಾಗುತ್ತದೆ, ಹುಷಾರು,’ ಎಂದು ಅಜ್ಜಿ ದಾರಿಯುದ್ದಕ್ಕೂ ಬೈಯುತ್ತಿದ್ದರಂತೆ.

ಕಲ್ಲುಗಳನ್ನು ನೋಡಿದ ಮೇಲೆ ಬೈಗುಳ ನಿಂತಿತು. ಬಾಗಿ ಸಣ್ಣ ಕಲ್ಲನ್ನು ಮುಟ್ಟಿದರು. ತುಂಬ ಹೊತ್ತು ಕೈ ತೆಗೆಯಲಿಲ್ಲ. ಡ್ಯಾನ್ ಮೆಲ್ಲಗೆ, ತಿಳಿದವರನ್ನು ಕರೆಸಿ ಪರೀಕ್ಷೆ ಮಾಡಿಸಬೇಕು ಎಂದ. ‘ನೀನು ಮಾಡಿಸು. ನಾನು ಹೂ ಇಡುತ್ತೇನೆ,’ ಎಂದರು ರೂತ್ ಅಜ್ಜಿ. ಆಮೇಲೆ ನನ್ನನ್ನು ಕರೆದು, ಗುಚ್ಛದ ಒಂದು ತುದಿಯನ್ನು ನನ್ನ ಕೈಗೂ ಕೊಟ್ಟರು. ಇಬ್ಬರು ಮುದುಕಿಯರೂ ಸೇರಿ ಇಟ್ಟೆವು. ನೀಲಾ ಕೇಳಿದಳು: ‘ಆಯಿ, ಇವರೂ ನನ್ನ ಅಜ್ಜಿನಾ?’

‘ಹೂಂ ಮತ್ತ. ಎಂಟು ತಲಿಮಾರಿನ ಹಿಂದಿನ ಅಜ್ಜಿ. ನಮಸ್ಕಾರ ಮಾಡು.’

ಅಂದು ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಪೊದೆ ಕಡಿದರು, ಕಸ ಎಳೆದರು, ಹತ್ತು ಮಾರು ಆಚೆ ಹಳ್ಳ ಕೊಚ್ಚಿ ಒಯ್ದ ಆ ಮೊದಲ ಮನೆಯ ಒಲೆಯ ಕಲ್ಲಿನ ಗುಡ್ಡೆಯೂ ಸಿಕ್ಕಿತು. ಮನೆಯ ಬಾಗಿಲಿನಿಂದ ಕಾಣುವಷ್ಟು ಹತ್ತಿರ ತಾಯಿಯನ್ನು ಇಟ್ಟಿದ್ದರು. ಆ ಹನ್ನೊಂದು ವರ್ಷದ ಹುಡುಗಿ ರೊಟ್ಟಿ ಬೇಯಿಸುತ್ತ ಇತ್ತ ನೋಡುತ್ತಿದ್ದಿರಬೇಕು.

ಆರು ಗಂಟೆಯ ಹೊತ್ತಿಗೆ ಮೇಜುಗಳೇ ಹಳ್ಳದ ದಂಡೆಗೆ ಇಳಿದು ಬಂದವು. ಮೆಕ್ಕೆಜೋಳದ ರೊಟ್ಟಿ, ನನ್ನ ಸಜ್ಜೆ ರೊಟ್ಟಿ, ಎಣಗಾಯಿ, ನನಗೆಂದು ಬೇರೆ ಮಾಡಿದ ಬೀನ್ಸ್, ಪೀಚ್ ಹಣ್ಣಿನ ಸಿಹಿ. ನಾನು ಎಲ್ಲಕ್ಕಿಂತ ಮೊದಲು ಒಂದು ತಟ್ಟೆಯಲ್ಲಿ ಎಲ್ಲವನ್ನೂ ಚೂರು ಚೂರು ಬಡಿಸಿ, ಹೋಳಿಗೆಯ ಮೇಲೆ ತುಪ್ಪ ಹಾಕಿ, ದೊಡ್ಡ ಕಲ್ಲಿನ ಮುಂದೆ ಎಡೆ ಇಟ್ಟೆ. ಬಾಣಂತಿ ಹೋದವಳು, ತುಪ್ಪ ಕಂಡಿದ್ದಳೋ ಇಲ್ಲವೋ. ಅದನ್ನು ಕಂಡು ಎಲ್ಲರೂ ಎದ್ದು ನಿಂತರು.

ಆಮೇಲೆ ನಾವೆಲ್ಲ ಹುಲ್ಲಿನ ಮೇಲೆ ಕುಳಿತು ಉಂಡೆವು. ರೂತ್ ಅಜ್ಜಿ ನನ್ನ ಪಕ್ಕದಲ್ಲಿದ್ದರು. ಹೂ ಇಲ್ಲದ ತೊಡೆಯನ್ನು ಒಮ್ಮೆ ಸವರಿಕೊಂಡು, ಖಾಲಿಯಾದ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ನಾನು ಅವುಗಳಲ್ಲಿ ರೊಟ್ಟಿ ಇಟ್ಟೆ.