ತುರುವೇಕೆರೆಗೆ, ಪಾರಸಿ ಪದಗಳಿಗಾಗಿ

ಅರಸೀಕೆರೆಯಲ್ಲಿ ರೈಲಿಳಿಯುವ ಹೊತ್ತಿಗೇ ನನಗೆ ಸಾಕಾಗಿತ್ತು. ಮೈಸೂರಿನಿಂದ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲೇ ಕೂತು ಬಂದಿದ್ದೆ. ತಿಪಟೂರಿನ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಕೂರುವ ಜಾಗ ಮಾತ್ರ ಇರಲಿಲ್ಲ. ಊರೊಳಗೆ ಕೊಬ್ಬರಿ ಚೀಲ ಹೇರಿದ ಟೆಂಪೊಗಳ ಹಿಂದೆ ಬಸ್ಸು ಬಹಳ ಹೊತ್ತು ನಿಂತಿತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆ. ಚಟ್ನಿಗೆ ಕಾಯಿ ಧಾರಾಳವಾಗಿ ಬಿದ್ದಿತ್ತು, ಅದನ್ನು ಮೆಚ್ಚುವಷ್ಟು ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ.

ನಾನು ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತಳಾದವಳು. ತುರುವೇಕೆರೆಯ ರಹಮತ್ ಸಾಹೇಬರು ಹೈಸ್ಕೂಲಿನಲ್ಲಿ ಉರ್ದು ಮೇಷ್ಟ್ರಾಗಿದ್ದವರು, ಪಾರಸಿ ಬಲ್ಲವರು. ಖಗೋಳದ ಪದಗಳು ಎಲ್ಲಿಂದ ಬಂದವೆಂದು ಹೇಳುವ ಪುಸ್ತಕವೊಂದನ್ನು ಇಬ್ಬರೂ ಸೇರಿ ವರ್ಷಗಟ್ಟಲೆ ಬರೆಯುತ್ತಿದ್ದೆವು. ಇಂಗ್ಲಿಷ್, ಫ್ರೆಂಚ್ ನನ್ನ ಪಾಲು, ಪಾರಸಿ ಅವರದು. ಹೋದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಅವರ ಪಾಲು ಅರ್ಧಕ್ಕೇ ಉಳಿಯಿತು. ಪಾರಸಿ ಬಿಟ್ಟುಬಿಡಿ, ಉಳಿದದ್ದನ್ನು ಅಚ್ಚು ಮಾಡೋಣ ಎಂದು ಪ್ರಕಾಶಕರು ಒತ್ತಾಯಿಸುತ್ತಿದ್ದರು. ಫೋನಿನಲ್ಲಿ ಕೇಳುವ ಮಾತಲ್ಲವೆಂದು ಹೊರಟಿದ್ದೆ. ಸಾಹೇಬರ ಒಪ್ಪಿಗೆ ಪಡೆದು ಸಂಜೆಯ ಬಸ್ಸಿಗೇ ವಾಪಸಾಗುವ ಯೋಚನೆ.

ತುರುವೇಕೆರೆಯ ಬಸ್ಸಿನಲ್ಲೂ ನಿಂತೇ ಇದ್ದೆ. ನಾನು ಮಂಡಿ ನೀವಿಕೊಳ್ಳುವುದನ್ನು ನೋಡಿ ಒಬ್ಬ ಹೆಂಗಸು ಎದ್ದಳು. "ಕೂತ್ಕಳಿ. ನಾನು ದಬ್ಬೇಘಟ್ಟದೋಳು, ಹೆಂಗೂ ಇನ್ನೊಂದ್ ಬಸ್ ಹತ್ಬೇಕು, ಅದ್ರಲ್ಲಿ ಕೂತ್ಕತೀನಿ. ಯಾರ ಮನೇಗ್ ಹೊಂಟ್ರಿ?"

"ನಕ್ಷತ್ರಗಳ ವಿಷಯ ಬರೆಯುವವರೊಬ್ಬರ ಮನೆಗೆ."

"ಜಾತಕ ಬರೆಯೋರಾ?"

ಅಲ್ಲವೆಂದೆ. ಬಿಡಿಸಿ ಹೇಳುವ ತ್ರಾಣ ಇರಲಿಲ್ಲ. ಕಿಟಕಿಯಾಚೆ ತೆಂಗಿನ ತೋಟಗಳು ಮುಗಿಯದೆ ಬರುತ್ತಲೇ ಇದ್ದವು. ಕಣ್ಣು ಎಳೆಯತೊಡಗಿತು.

ಸಾಹೇಬರ ಮಗಳು ಶಾಹೀನಾ ಹನಿ ನೀರಾವರಿ ಪೈಪಿನ ಅಂಗಡಿ ನಡೆಸುತ್ತಾಳೆ. ಅಂಗಡಿಯ ಹಿಂದೆಯೇ ಮನೆ. ಸಾಹೇಬರು ಮರದ ಕುರ್ಚಿಯಲ್ಲಿ ಕೂತಿದ್ದರು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ಗುರುತಿಸಿ ಎಡಗೈ ಎತ್ತಿದರು. ಚಹಾ ಕುಡಿದು ವಿಷಯ ಹೇಳಿದೆ. "ಪಾರಸಿ ಭಾಗ ಬಿಟ್ಟು ಅಚ್ಚು ಮಾಡೋಣ ಅಂತಿದ್ದಾರೆ. ನೀವು ಏನಂತೀರಿ?"

ಅವರು ನನ್ನನ್ನೇ ನೋಡಿ "ಆಮೇಲೆ" ಎಂದರು.

"ನೀರು ಬೇಕಂದ್ರೂ ಅದೇ, ಬ್ಯಾಡ ಅಂದ್ರೂ ಅದೇ ಕಣ್ರೀ," ಅಂದಳು ಶಾಹೀನಾ. "ಅಬ್ಬಂಗೆ ಉಳ್ದಿರೋದು ಅದೊಂದೇ ಮಾತು. ಅದ್ನ ಹೂಂ ಅಂತ ತಿಳ್ಕಂಡು ಹೋಗ್ಬ್ಯಾಡಿ."

ನಾನು ಮಾಡಲಿದ್ದುದು ಅದನ್ನೇ. ಅವಳು ಅಂಗಡಿಯ ಬಾಗಿಲು ಎಳೆದು ಬಂದು ಎದುರಿಗೆ ಕೂತಳು. "ಯಾವ್ ಪದ ಉಳ್ದವೆ, ಓದಿ. ನಂಗೆ ಪಾರಸಿ ಓದಕ್ಕೆ ಬರಲ್ಲ. ಆದ್ರೆ ಊಟಕ್ಕೆ ಕೂತಾಗೆಲ್ಲ ಅಬ್ಬ ಇದೇ ಹೇಳೋರು. ಸರಿ ಇದ್ರೆ ಕೈ ಎತ್ತಾರೆ, ತಪ್ಪಾದ್ರೆ ಕುರ್ಚಿ ಬಡೀತಾರೆ."

ಮೊದಲು ಕಹಕಶಾನ್ ಓದಿದೆ. ಆಕಾಶಗಂಗೆಗೆ ಪಾರಸಿಯ ಹೆಸರು. ಇಂಗ್ಲಿಷಿನ ಗ್ಯಾಲಕ್ಸಿಯ ಮೂಲದಲ್ಲೂ ಫ್ರೆಂಚಿನ ಹೆಸರಿನಲ್ಲೂ ಇರುವುದು ಹಾಲು.

"ಅವ್ರಿಗೆ ಹಾಲು, ಪಾರಸಿಯೋರಿಗೆ ಹುಲ್ಲು," ಅಂದಳು. "ಕಾಹ್ ಅಂದ್ರೆ ಒಣಹುಲ್ಲು, ಕಶಾನ್ ಅಂದ್ರೆ ಎಳ್ಕಂಡು ಹೋಗೋದು. ಹುಲ್ಲು ಎಳ್ಕಂಡು ಹೋದ್ರೆ ದಾರಿಯುದ್ದಕ್ಕೂ ಉದುರ್ತದಲ್ಲ, ಅಂಗೆ."

ಎಡಗೈ ಮೇಲೆದ್ದಿತು. ಮಾಹ್ ಎಂದರೆ ಚಂದ್ರನೂ ಹೌದು, ತಿಂಗಳೂ ಹೌದು. "ನಮ್ಮ ತಿಂಗಳು ಇದ್ದಂಗೆ," ಎಂದಳು. ಕೈ ಎದ್ದಿತು. ಫ್ರೆಂಚಿನಲ್ಲಿ ಮಾತ್ರ ಎರಡಕ್ಕೂ ಬೇರೆಬೇರೆ ಪದವೆಂದು ನಾನು ಬರೆದುಕೊಂಡೆ.

ಸಪ್ತರ್ಷಿಗಳ ಹೆಸರು ಹಫ್ತ್ ಔರಂಗ್ ಬಂದಾಗ ಅವಳು "ಏಳು ಬಣ್ಣ" ಅಂದಳು. ಸಾಹೇಬರು ಕುರ್ಚಿಯ ತೋಳು ಬಡಿದರು. ಏಳು ರಂಗು, ಏಳು ಥರ ಎಂದು ಏನೇನೋ ಹೇಳಿದಳು. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಅವಳು ಆ ಕೈಯನ್ನೇ ದಿಟ್ಟಿಸಿದಳು. "ಕುರ್ಚಿ ತೋರಿಸ್ತಾ ಅವ್ರೆ... ಸಿಂಹಾಸನ. ಏಳು ಸಿಂಹಾಸನ." ಸಾಹೇಬರು ಕೈ ಎತ್ತಿ, ಹಾಗೇ ಹಿಡಿದುಕೊಂಡರು. ಶಾಹೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆಯ ಬಸ್ಸು ಹೋಯಿತು. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದು ಅಲ್ಲೇ ಮಲಗಿದೆ.

ಬೆಳಿಗ್ಗೆ ಮತ್ತಷ್ಟು ಪದಗಳಾದವು. ಕೆಲವು ಅವಳಿಗೂ ತಿಳಿದಿರಲಿಲ್ಲ, ಅವನ್ನು ಹಾಗೇ ಬಿಟ್ಟೆವು. ಸಾಹೇಬರಿಗೆ ಕೇಳಿಸಲೆಂದು ನಾನು ಬರೆದ ಒಂದೆರಡನ್ನೂ ಓದಿದೆ. ದೊಡ್ಡ ಅನಾಹುತಕ್ಕೆ ಇಂಗ್ಲಿಷಿನಲ್ಲಿ ಡಿಸಾಸ್ಟರ್. ಫ್ರೆಂಚಿನ ದೆಸಾಸ್ತ್ರದಿಂದ ಬಂದದ್ದು. ಒಡೆದು ನೋಡಿದರೆ ಕೆಟ್ಟ ನಕ್ಷತ್ರ.

ಅವರು ಕುರ್ಚಿ ಬಡಿದರು. ಮತ್ತೊಮ್ಮೆ ಓದಿದೆ. ಇನ್ನೂ ಜೋರಾಗಿ ಬಡಿದರು.

"ಹುಷಾರ್ ತಪ್ಪಿದಾಗ ನೋಡಕ್ ಬಂದೋರೆಲ್ಲ ಗ್ರಹಚಾರ, ನಕ್ಷತ್ರ ಸರಿಯಿಲ್ಲ ಅಂತಿದ್ರು," ಅಂದಳು ಶಾಹೀನಾ. "ಆ ಮಾತು ಕೇಳಿದ್ರೆ ಅಬ್ಬಂಗೆ ಆಗಲ್ಲ."

"ಸಾಹೇಬರೇ, ಪದದ ಮೂಲ ಅದೇ. ನಾನು ನಂಬಿ ಬರೆದದ್ದಲ್ಲ."

ಅವರಿಗೆ ಅದು ಗೊತ್ತಿಲ್ಲದ ವಿಷಯವೇ? ಆದರೂ ಇನ್ನೊಮ್ಮೆ ಬಡಿದು, ದಣಿದು ಕಣ್ಣು ಮುಚ್ಚಿದರು.

ಬಸ್ ನಿಲ್ದಾಣದಿಂದ ಪ್ರಕಾಶಕರಿಗೆ ಫೋನು ಮಾಡಿದೆ. ಪಾರಸಿ ಇರುತ್ತದೆ, ಮಗಳ ಹೆಸರೂ ಸೇರುತ್ತದೆ, ವಿವರ ಸಿಗದ ಪದಗಳ ಮುಂದೆ ಜಾಗ ಖಾಲಿ ಬಿಡಿ ಎಂದೆ. ಪುಸ್ತಕ ಇನ್ನೂ ತಡವಾಗುತ್ತದೆ ಎಂದು ಸಿಡುಕಿದರು. ಆಗಲಿ ಎಂದೆ.

ಅರಸೀಕೆರೆಯಲ್ಲಿ ರೈಲು ತಡವಾಗಿತ್ತು. ಬೆಂಚಿನ ಮೇಲೆ ಕೂತು ದೆಸಾಸ್ತ್ರದ ಕೆಳಗೆ ಬರೆದೆ: 'ಈ ಪದ ಕಟ್ಟಿದವರು ಹಾಗೆ ನಂಬಿದ್ದರು. ಈ ಪುಸ್ತಕ ಬರೆದವರಲ್ಲಿ ಒಬ್ಬರು ಒಪ್ಪುವುದಿಲ್ಲ.' ಶಾಹೀನಾಳಿಗೆ ಫೋನು ಮಾಡಿ ಓದಿ ಹೇಳಿದೆ.

"ಈಗ ಮಲ್ಗವ್ರೆ. ಎದ್ದಾಗ ಹೇಳ್ತೀನಿ ಬುಡಿ," ಎಂದಳು.

ರೈಲು ಬಂತು. ಕೂರಲು ಜಾಗವಿರಲಿಲ್ಲ. ಹಾಸನದವರೆಗೂ ಬಾಗಿಲ ಬಳಿ ನಿಂತೇ ಬಂದೆ.