ಕಡಲಿಗೆ ಬೆನ್ನು ಹಾಕದ ಅತ್ತೆ

ರಜೆ ಬಂದಾಗ ಮೊದಲು ನಮ್ಮನ್ನು, ಈಗ ನಮ್ಮ ಮಕ್ಕಳನ್ನು ಯಾವ ಕಡಲತೀರದಲ್ಲಿ ನೀರಿಗಿಳಿಸಬೇಕು ಎಂದು ತೀರ್ಮಾನಿಸುವವಳು ನಮ್ಮ ಸೋದರತ್ತೆ. ಮನೆ ಕೊಳ್ಳುವವರೂ ಅಷ್ಟು ವಿಚಾರಿಸುವುದಿಲ್ಲ. ಕಾರಿನಿಂದ ಇಳಿದವಳೇ ಐಸ್‌ಕ್ರೀಮ್ ಮಾರುವವನನ್ನು ಹಿಡಿಯುತ್ತಾಳೆ: "ನಿಮ್ಮ ಮಕ್ಕಳನ್ನ ಇಲ್ಲಿ ನೀರಿಗೆ ಬಿಡ್ತೀರಾ?" ಅವನು ಒಂದು ಗಳಿಗೆ ತಲೆ ಕೆರೆದುಕೊಂಡರೂ ಸಾಕು, ನಮ್ಮನ್ನೆಲ್ಲ ಮತ್ತೆ ಕಾರಿಗೆ ತುಂಬುತ್ತಾಳೆ. ಅವನು ಪಾಸಾದರೆ ಸಮುದ್ರದ ಸರದಿ. ಕಿತ್ತಳೆ ಸಿಪ್ಪೆಯನ್ನು ಅಲೆಗೆಸೆದು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾಳೆ. ಅದು ದಡಕ್ಕೆ ಮರಳಿದರೆ ಸರಿ, ಒಳಕ್ಕೆ ಹೋಯಿತೋ ಆ ತೀರದ ಹೆಸರನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಅಲೆಗಳ ನಡುವೆ ತೆಪ್ಪಗಿರುವ ನೀರು ಕಂಡರಂತೂ, "ಅದು ಸಾಧು ಅಲ್ಲ ಕಣ್ರೋ, ಸದ್ದಿಲ್ದೆ ಒಳಗೆ ಎಳ್ಕೊಳ್ಳುತ್ತೆ" ಎಂದು ಸಮುದ್ರವನ್ನೇ ದುರುಗುಟ್ಟಿ ನೋಡಿ, ನಮ್ಮನ್ನು ಅಲ್ಲಿಂದ ದೂರ ಸರಿಸುತ್ತಾಳೆ. ಆಮೇಲೆ ತಾನೇ ಸೊಂಟದವರೆಗೆ ಇಳಿದು, ಹೊಂಡವಿದೆಯೇ ಎಂದು ಕಾಲಲ್ಲೇ ತಡವಿ ನೋಡುತ್ತಾಳೆ. ಅಷ್ಟರಲ್ಲಿ ತಂದ ತಿಂಡಿ ಖಾಲಿಯಾಗಿ, ಮಾವ ಮುಖದ ಮೇಲೆ ಪೇಪರ್ ಹಾಕಿಕೊಂಡು ಒಂದು ನಿದ್ದೆ ಮುಗಿಸಿರುತ್ತಾರೆ. "ಸಮುದ್ರ ಬತ್ತೋದ್ರೊಳಗೆ ಮುಗಿಸ್ತೀಯೇನೇ?" ಎಂದು ಅವರು ಕೇಳುವಷ್ಟರಲ್ಲಿ "ಇಳೀರಿ" ಎಂಬ ಅಪ್ಪಣೆ ಹೊರಡುತ್ತದೆ, ಮಕ್ಕಳ ಕೂಗಿಗೆ ದಡದ ಹಕ್ಕಿಗಳೆಲ್ಲ ಎದ್ದು ಹಾರುತ್ತವೆ. ಕೊನೆಗೆ ಫೋಟೋಗೆಂದು ಎಲ್ಲರೂ ಸಮುದ್ರಕ್ಕೆ ಬೆನ್ನು ಹಾಕಿ ಸಾಲಾಗಿ ನಿಂತಾಗ, "ಅತ್ತೆ, ಒಂದ್ಸಲ ಈ ಕಡೆ ತಿರುಗು" ಎಂದು ನಾನು ಪ್ರತಿ ಸಲವೂ ಕೂಗುತ್ತೇನೆ. "ಎಲ್ರೂ ಆ ಕಡೆ ನೋಡಿದ್ರೆ ಅಲೆ ನೋಡೋರು ಯಾರೋ?" ಎನ್ನುತ್ತಾಳೆ, ತಿರುಗದೆಯೇ. ನಮ್ಮ ಗೋಡೆಯ ಮೇಲಿನ ಕಡಲ ಫೋಟೋಗಳಲ್ಲಿ ಮೊದಲು ನಾವು, ಆಮೇಲೆ ನಮ್ಮ ಮಕ್ಕಳು ನಗುನಗುತ್ತ ಎತ್ತರವಾಗುತ್ತ ಹೋಗಿದ್ದೇವೆ. ಹಿಂದೆ ನೀರಲ್ಲಿ ನಿಂತ ಅವಳ ಜಡೆಯೊಂದು ಬೆಳ್ಳಗಾಗುತ್ತ ಬಂದಿದೆ.