ಕೋಡುಬಳೆ ತುಂಬಿ ಬಂದ ಹೂಜಿ

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಶ್ರುತಿ ನನ್ನ ಸ್ಟೀಲ್ ಡಬ್ಬಿಯನ್ನು ಹಿಂದಿರುಗಿಸಲು ಬಂದಳು. ತುಂಬ ಕೋಡುಬಳೆ. ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ನಮ್ಮ ಬಾಗಿಲಲ್ಲಿ ಓಮದ ಘಮ ಹರಡಿತು. ಬಾಯಲ್ಲಿ ನೀರೂರಬೇಕಿತ್ತು, ನನಗೆ ಹಳೆಯ ಸಿಟ್ಟು ಕೆರಳಿತು. ಕೋಡುಬಳೆಯ ತಪ್ಪಲ್ಲ, ಕೇಳಿ.

ಮೊದಲು ನಾವು ಪರ್ತಿನ ಬೆಂಟ್ಲಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಗಣಿಯಲ್ಲಿ ಭೂವಿಜ್ಞಾನಿ, ತಿಂಗಳ ಬಹುಪಾಲು ಮರುಭೂಮಿಯಲ್ಲೇ. ನನಗೆ ಜೊತೆಯೆಂದರೆ ಮನೆಯ ಒಡತಿ, ಒಬ್ಬ ಬಿಳಿ ಮುದುಕಿ. ಹಳೆಯ ಮಣ್ಣಿನ ಹೂಜಿ, ಹೂದಾನಿ ಕೂಡಿಹಾಕುವ ಹುಚ್ಚು ಅವಳದು. ವೃದ್ಧಾಶ್ರಮಕ್ಕೆ ಹೊರಟಾಗ ಒಂದು ಹೂಜಿಯನ್ನು ನನ್ನ ಕೈಗಿಟ್ಟಳು: ಹಸಿರು ಮೆರುಗು, ನೀಲಗಿರಿ ಕೊಂಬೆಯಂಥ ಹಿಡಿ, ತಳದಲ್ಲಿ ಹೆಸರಾಂತ ಕುಂಬಾರಗಿತ್ತಿಯೊಬ್ಬಳು ಹಸಿಮಣ್ಣಿನ ಮೇಲೆ ಮೊಳೆಯಿಂದ ಗೀಚಿದ ಹೆಸರು. ಅಸಲಿ ನಕಲಿ ಗುರುತಿಸುವುದನ್ನೂ ಕಲಿಸಿದ್ದಳು. ಅಸಲಿಗೆ ತೂಕವಿರುತ್ತದೆ, ಗೀಚಿದ ಅಕ್ಷರದ ಅಂಚು ಬೆರಳಿಗೆ ತಾಗುತ್ತದೆ, ತಳ ಸವೆದಿರುತ್ತದೆ. ಅಚ್ಚಿನಲ್ಲಿ ಎರೆದ ನಕಲಿ ಹಗುರ. ಹಿಡಿಯ ಒಳಮೈಯಲ್ಲಿ ಜೋಡಣೆಯ ಗೆರೆ ಇರುತ್ತದೆ, ಹಳೆಯದೆನಿಸಲೆಂದು ತಳಕ್ಕೆ ಟೀ ಡಿಕಾಕ್ಷನ್ ಬಳಿದಿರುತ್ತಾರೆ. ನಾನೋ, ಆ ಹೂಜಿಯನ್ನು ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶದ ಪಕ್ಕ ಕೂರಿಸಿದೆ. ಮೆರುಗಿಲ್ಲದ ತಳ ಅರಿಸಿನ ನೀರು ಕುಡಿದು ಹಳದಿಯಾಯಿತು.

ಈ ವಿದ್ಯೆಯನ್ನೆಲ್ಲ ಗೆಳತಿ ವಸುಧಾಗೆ ಧಾರೆ ಎರೆದೆ. ಭಾನುವಾರದ ಸಂತೆಗಳಲ್ಲಿ ಕಂಡ ಹೂಜಿಗಳನ್ನೆಲ್ಲ ಬೋರಲು ಹಾಕುತ್ತ ತಿರುಗಿದೆವು, ಭಾರಿ ಪಂಡಿತರ ಹಾಗೆ.

ಆ ದಸರೆಗೆ, "ಬೊಂಬೆ ಪಕ್ಕ ಇಡ್ತೀನಿ ಕಣ್ರೀ, ಹಬ್ಬ ಮುಗಿದ್ಮೇಲೆ ತಂದ್ಕೊಡ್ತೀನಿ," ಎಂದು ವಸುಧಾ ಹೂಜಿ ಒಯ್ದಳು. ತಂದೂ ಕೊಟ್ಟಳು. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಬಾಯಿತನಕ ಕೋಡುಬಳೆ ತುಂಬಿ. ತುಂಬಿದ ಹೂಜಿಯನ್ನು ಯಾರು ಬೋರಲು ಹಾಕುತ್ತಾರೆ? ತಿಂದೆ, ಫೋನು ಮಾಡಿ ಹೊಗಳಿದೆ. ಖಾಲಿಯಾದ ಮೇಲೆ ತೊಳೆಯಲು ಎತ್ತಿದರೆ ಕೈಗೆ ಹಗುರ. ಹಿಡಿಯೊಳಗೆ ಗೆರೆ. ತಳದಲ್ಲಿ ಅರಿಸಿನವಿಲ್ಲ, ಉಜ್ಜಿದರೆ ಟೀ ಬಣ್ಣ ಬಿಟ್ಟಿತು. ಅಷ್ಟರಲ್ಲಿ ವಸುಧಾ ಮನೆ ಬದಲಿಸಿ ಬ್ರಿಸ್ಬೇನಿಗೆ ಹೋಗಿಯಾಗಿತ್ತು. ಅವಳ ಮನೆಗೆ ಬಂದವರು ಯಾರೋ ಬದಲಾಯಿಸಿರಬೇಕೆಂದು ನನಗೆ ನಾನೇ ಕಥೆ ಕಟ್ಟಿಕೊಂಡೆ.

ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿ ಅವಳ ಗೃಹಪ್ರವೇಶಕ್ಕೆ ಕರೆ ಬಂತು, ಹೋದೆ. ನಡುಮನೆಯ ಕಪಾಟಿನಲ್ಲಿ ಅದೇ ಹೂಜಿ. ಎತ್ತಿ ತಿರುಗಿಸಿದೆ. ಹಳದಿ ತಳ.

"ಅಯ್ಯೋ, ಹುಷಾರು ರೀ! ಅದು ಒರಿಜಿನಲ್ಲು," ಎಂದಳು ವಸುಧಾ, ನನ್ನ ಮುಖವನ್ನೇ ನೋಡುತ್ತ.

"ನಮ್ಮನೆಯವಳ ಕಣ್ಣು ಸಖತ್ ಶಾರ್ಪು," ಎಂದು ಅವಳ ಗಂಡ ಬಂದವರಿಗೆಲ್ಲ ಹೇಳಿದರು.

ಗುರುವಿಗೇ ತಿರುಮಂತ್ರ! ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ವಸುಧಾ ಅರಿಸಿನ ಕುಂಕುಮದ ತಟ್ಟೆ ಹಿಡಿದು ಎದುರಿಗೆ ನಿಂತಳು. ನಾನು ಹಣೆ ಒಡ್ಡಿದೆ. ಆ ಸಿಟ್ಟು ಇಂದಿಗೂ ಆರಿಲ್ಲ. ಹೂಜಿ ಹೋದದ್ದಕ್ಕಿಂತ, ಆ ಕೋಡುಬಳೆಯನ್ನು ಹೊಗಳಿದ್ದು ಹೊಟ್ಟೆ ಉರಿಸುತ್ತದೆ.

ಇಷ್ಟೆಲ್ಲ ನೆನಪಾಗುವಾಗ ಶ್ರುತಿ ಬಾಗಿಲಲ್ಲೇ ನಿಂತಿದ್ದಳು. ನಾನು ಅವಳೆದುರಿಗೇ ಕೋಡುಬಳೆಯನ್ನು ತಟ್ಟೆಗೆ ಸುರಿದು, ಡಬ್ಬಿಯನ್ನು ಬೋರಲು ಹಾಕಿ ನೋಡಿದೆ. ನನ್ನ ಮದುವೆಗೆ ಅಮ್ಮ ಕೆತ್ತಿಸಿದ ಹೆಸರು ತಳದಲ್ಲಿ ಹಾಗೇ ಇತ್ತು.

"ಆಂಟಿ, ನಿಮ್ದೇ ಡಬ್ಬಿ," ಎಂದಳು ಹುಡುಗಿ. ಮುಖ ಸಣ್ಣದಾಗಿತ್ತು.

"ಗೊತ್ತಮ್ಮ. ಬಾ ಒಳಗೆ, ಕಾಫಿ ಮಾಡ್ತೀನಿ," ಎನ್ನುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.